ಡಿಸ್ನಿ ವರ್ಲ್ಡ್ ಪ್ರವಾಸದ ಯೋಜನೆಗೆ ಯಾರಿಗೆ ಹಣ ಕೊಡಬೇಕು? ನಾವು ಬಳಸಿ ನೋಡಿದ ಮೂರು ಸೇವೆಗಳ ಹೋಲಿಕೆ

2025ರ ಬೇಸಿಗೆ ರಜೆಯಲ್ಲಿ ನಾವು ಐದು ಮಂದಿ ಉಡುಪಿಯಿಂದ ಹೊರಟು, ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ಮೈದುನನ ಮನೆಯಲ್ಲಿ ಹತ್ತು ದಿನ ಉಳಿದು, ಅಲ್ಲಿಂದ ಫ್ಲೋರಿಡಾದ ಒರ್ಲ್ಯಾಂಡೊ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಿಕೊಂಡು ಬಂದೆವು. ಐವರೆಂದರೆ ನಾನು, ಯಜಮಾನರು, ಮೊಣಕಾಲು ನೋವಿರುವ 68 ವರ್ಷದ ಅತ್ತೆ, 11 ವರ್ಷದ ಮಗಳು ಮತ್ತು 6 ವರ್ಷದ ಮಗ. ಈ ಪ್ರವಾಸದ ಯೋಜನೆಗೆಂದೇ ನಾವು ಮೂರು ಕಡೆ ಹಣ ಕೊಟ್ಟೆವು: ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಗೆ, ವರ್ಷದ ಚಂದಾ ಪಡೆಯುವ ಒಂದು ಆನ್‌ಲೈನ್ ಸೇವೆಗೆ ಮತ್ತು ಅಮೆರಿಕದಲ್ಲೇ ಇದ್ದು ಶುಲ್ಕ ಪಡೆದು ಸಲಹೆ ಕೊಡುವ ಒಬ್ಬ ಪ್ಲ್ಯಾನರ್‌ಗೆ. ಮೂರಕ್ಕೂ ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದಲ್ಲ. ಒಂದರಲ್ಲಿ ಸಿಗದ ಉತ್ತರವನ್ನು ಹುಡುಕುತ್ತಾ ಇನ್ನೊಂದಕ್ಕೆ ಹೋಗಬೇಕಾಯಿತು. ನಾಲ್ಕು ದಿನ ನಾಲ್ಕು ಪಾರ್ಕುಗಳಲ್ಲಿ ಮೂವರ ಯೋಜನೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡಿದ್ದರಿಂದ, ನಮ್ಮ ಕಡೆಯಿಂದ ಹೋಗುವ ಕುಟುಂಬಗಳಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಪಾರ್ಕು ನೋಡಲು ಯೋಜನೆಯೇಕೆ ಎಂದು ನನ್ನ ಅಕ್ಕ ಕೇಳಿದ್ದಳು. ಬಿಡದಿಯ ವಂಡರ್‌ಲಾಕ್ಕೆ ಹೋದಾಗ ನಾವು ಬೆಳಿಗ್ಗೆ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ಕಂಡ ಕಂಡ ಆಟಗಳಲ್ಲಿ ಕುಳಿತು ಸಂಜೆ ಹೊರಗೆ ಬಂದಿದ್ದೆವು. ಡಿಸ್ನಿ ವರ್ಲ್ಡ್‌ನಲ್ಲಿ ಹಾಗೆ ನಡೆಯುವುದಿಲ್ಲ. 1971ರಲ್ಲಿ ಆರಂಭವಾದ ಆ ಜಾಗದ ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಮಲ್ಪೆಯ ಕಡಲಿನಿಂದ ಮಣಿಪಾಲದವರೆಗಿನ ದೂರವನ್ನು ಒಂದು ಬದಿಯಾಗಿಟ್ಟುಕೊಂಡು ಚೌಕ ಎಳೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಮ್ಯಾಜಿಕ್ ಕಿಂಗ್ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್ಡಮ್ ಎಂಬ ನಾಲ್ಕು ಪಾರ್ಕುಗಳು ಅಲ್ಲಿ ಒಂದರಿಂದೊಂದು ದೂರದಲ್ಲಿವೆ. ಟಿಕೆಟ್ ದರ ದಿನಾಂಕಕ್ಕೆ ತಕ್ಕಂತೆ ಬದಲಾಗುತ್ತದೆ, 10 ವರ್ಷ ತುಂಬಿದವರಿಗೆಲ್ಲ ದೊಡ್ಡವರ ದರ. ಒಳ್ಳೆಯ ಹೋಟೆಲ್‌ಗಳಲ್ಲಿ ಕುಳಿತು ಊಟ ಮಾಡಬೇಕಿದ್ದರೆ 60 ದಿನ ಮೊದಲೇ ಮೇಜು ಕಾದಿರಿಸಲು ಅವಕಾಶ ತೆರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯೂ. ಹಿಂದೆ ಕಾಯದೆ ಹೋಗಲು ಫಾಸ್ಟ್‌ಪಾಸ್ ಎಂಬ ಉಚಿತ ಸೌಲಭ್ಯವಿತ್ತು. ಕೊರೋನಾ ಕಾಲದಲ್ಲಿ ಅದು ನಿಂತುಹೋಯಿತು, 2021ರ ಅಕ್ಟೋಬರ್‌ನಲ್ಲಿ ಅದರ ಬದಲು ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು, 2024ರ ಜುಲೈಯಿಂದ ಅದೇ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಎಂಬ ಹೆಸರಿನಲ್ಲಿ ಮುಂಗಡ ಕಾದಿರಿಸುವ ರೂಪಕ್ಕೆ ಬದಲಾಯಿತು. ಡಿಸ್ನಿಯ ಸ್ವಂತ ಹೋಟೆಲ್‌ನಲ್ಲಿ ತಂಗುವವರು ಇದನ್ನು 7 ದಿನ ಮೊದಲು, ಹೊರಗೆ ತಂಗುವವರು 3 ದಿನ ಮೊದಲು ಕಾದಿರಿಸಬಹುದು. ಅದು ತೆರೆಯುವುದು ಅಲ್ಲಿನ ಬೆಳಿಗ್ಗೆ 7 ಗಂಟೆಗೆ. ಬೇಸಿಗೆಯಲ್ಲಿ ಉಡುಪಿಯಲ್ಲಿರುವವರಿಗೆ ಸಂಜೆ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ.

ನಾನು ಒಂದೇ ಹಾಳೆಯಲ್ಲಿ ನಮ್ಮ ಮನೆಯ ಸಂಗತಿಗಳನ್ನು ಬರೆದು ಮೂರೂ ಕಡೆ ಕೊಟ್ಟಿದ್ದೆ. ಅತ್ತೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗುವುದಿಲ್ಲ, ಅವರು ಮೊಟ್ಟೆ ಸೇರಿದ್ದನ್ನು ತಿನ್ನುವುದಿಲ್ಲ, ಮಗನ ಎತ್ತರ 107 ಸೆಂಟಿಮೀಟರ್, ಮಗಳಿಗೆ ವೇಗದ ಆಟಗಳೇ ಬೇಕು, ಇಷ್ಟು.

ಮಂಗಳೂರಿನ ಏಜೆನ್ಸಿಯಿಂದ ಆರಂಭಿಸುತ್ತೇನೆ. ಅವರು ನಮ್ಮಿಂದ ಪಡೆದ ಸೇವಾಶುಲ್ಕ 18,000 ರೂಪಾಯಿ, ವಿಮಾನ ಮತ್ತು ಹೋಟೆಲಿನ ಹಣ ಅದರಲ್ಲಿ ಸೇರಿಲ್ಲ. ವೀಸಾ ವಿಷಯದಲ್ಲಿ ಅವರ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಐದು ಮಂದಿಯ ಡಿಎಸ್-160 ಅರ್ಜಿ ತುಂಬಿಸಿ, ಚೆನ್ನೈಯಲ್ಲಿ ಬೆರಳಚ್ಚಿಗೂ ಸಂದರ್ಶನಕ್ಕೂ ಎಲ್ಲರಿಗೂ ಒಟ್ಟಿಗೆ ದಿನ ಹಿಡಿದುಕೊಟ್ಟು, ಅತ್ತೆಯ ಪಾಸ್‌ಪೋರ್ಟಿನಲ್ಲಿ ಒಂದು ರೀತಿಯೂ ಆಧಾರಿನಲ್ಲಿ ಇನ್ನೊಂದು ರೀತಿಯೂ ಇದ್ದ ಹೆಸರಿನ ತೊಡಕನ್ನು ಮೊದಲೇ ಗಮನಿಸಿ ಎಚ್ಚರಿಸಿದರು. ಕಚೇರಿಗೆ ಹೋಗಿ ಎದುರು ಕುಳಿತು ಮಾತಾಡಬಹುದೆಂಬ ಧೈರ್ಯವೂ ಸಣ್ಣದಲ್ಲ.

ಆದರೆ ಪಾರ್ಕಿನ ಯೋಜನೆ ಎಂದು ಅವರು ಕೊಟ್ಟ ಆರು ಪುಟಗಳು ಬೇರೆ ಯಾವುದೋ ಕುಟುಂಬಕ್ಕಾಗಿ, ಬೇರೆ ಯಾವುದೋ ವರ್ಷದಲ್ಲಿ ಬರೆದವು. ಅದರಲ್ಲಿ ‘ಉಚಿತ ಫಾಸ್ಟ್‌ಪಾಸ್ ಬಳಸಿ’ ಎಂಬ ಸಾಲಿತ್ತು. ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ನೋಡಬೇಕಾದ ಆಟಗಳ ಪಟ್ಟಿಯಲ್ಲಿ, ದುರಸ್ತಿಗಾಗಿ 2025ರ ಜನವರಿಯಲ್ಲೇ ಮುಚ್ಚಿದ್ದ ಬಿಗ್ ಥಂಡರ್ ಮೌಂಟನ್ ಎರಡನೆಯ ಸ್ಥಾನದಲ್ಲಿತ್ತು. ಹೋಟೆಲನ್ನು ಅವರು ಡಿಸ್ನಿಯ ಹೊರಗೆ ಕಡಿಮೆ ದರದಲ್ಲಿ ಹಿಡಿದಿದ್ದರು, ಅದು ತಪ್ಪಲ್ಲ. ಆದರೆ ಅದರಿಂದ ಏಳು ದಿನ ಮುಂಗಡ ಕಾದಿರಿಸುವ ಅವಕಾಶವೂ, ಸಾರ್ವಜನಿಕರಿಗಿಂತ 30 ನಿಮಿಷ ಮೊದಲು ಪಾರ್ಕಿನೊಳಗೆ ಹೋಗುವ ಅವಕಾಶವೂ ತಪ್ಪುತ್ತದೆಂಬ ಮಾತನ್ನು ನಮಗೆ ಹೇಳಬೇಕಿತ್ತು. ಹೇಳಿದ್ದರೆ ಉಳಿತಾಯ ದೊಡ್ಡದೋ ಸಮಯ ದೊಡ್ಡದೋ ಎಂದು ನಾವೇ ತೂಗಿ ನೋಡುತ್ತಿದ್ದೆವು.

ಮೊದಲ ದಿನ ಅನಿಮಲ್ ಕಿಂಗ್ಡಮ್‌ನಲ್ಲಿ ಅವರ ಯೋಜನೆಯನ್ನೇ ಅನುಸರಿಸಿದೆವು. ಪಾರ್ಕು ಬೆಳಿಗ್ಗೆ 8ಕ್ಕೆ ತೆರೆದಿತ್ತು, ಹಾಳೆಯಲ್ಲಿದ್ದಂತೆ ತಿಂಡಿ ಮುಗಿಸಿ ನಿಧಾನವಾಗಿ ಹೊರಟ ನಾವು ತಲಪಿದ್ದು ಹತ್ತಕ್ಕೆ. ಬೆಳಗಿನ ತಂಪಿನಲ್ಲಿ ಪ್ರಾಣಿಗಳು ಓಡಾಡುವ ಹೊತ್ತು ಆಗಲೇ ಕಳೆದುಹೋಗಿತ್ತು. ಅಲ್ಲಿಂದ ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ರೋಲರ್ ಕೋಸ್ಟರ್‌ಗೆ ಹೋದೆವು, ಹಾಳೆಯಲ್ಲಿ ಅದರ ಮುಂದೆ ‘ಇಡೀ ಕುಟುಂಬಕ್ಕೆ’ ಎಂದು ಬರೆದಿತ್ತು. ಬಾಗಿಲಲ್ಲಿ ಎತ್ತರ ಅಳೆಯುವ ಕಂಬವಿತ್ತು. ಮಗ ಬೂಟಿನ ತುದಿಯ ಮೇಲೆ ನಿಂತು, ಗಲ್ಲ ಮೇಲೆತ್ತಿ, ಉಸಿರು ಬಿಗಿಹಿಡಿದ. ಕಂಬದ ಅಡ್ಡಪಟ್ಟಿ ಅವನ ತಲೆಗೂದಲನ್ನು ಸಹ ಮುಟ್ಟಲಿಲ್ಲ. ಅಲ್ಲಿ ಬೇಕಾದದ್ದು 112 ಸೆಂಟಿಮೀಟರ್, ಅವನದು 107. ಅದನ್ನು ನಾನು ಏಜೆನ್ಸಿಗೆ ಬರೆದುಕೊಟ್ಟಿದ್ದೆ. ಅವನು ಅಳಲಿಲ್ಲ, ನನ್ನ ಕೈ ಹಿಡಿದು ‘ಇನ್ನೆಷ್ಟು ಬೇಕಮ್ಮ?’ ಎಂದಷ್ಟೇ ಕೇಳಿದ. ನನಗೆ ಈ ಪ್ರವಾಸದಲ್ಲಿ ಸಿಟ್ಟು ಬಂದ ಒಂದೇ ಗಳಿಗೆ ಅದು, ಏಕೆಂದರೆ ಆ ನಿರಾಸೆಯನ್ನು ಒಂದೇ ಒಂದು ಸಂಖ್ಯೆ ನೋಡಿದ್ದರೆ ತಪ್ಪಿಸಬಹುದಿತ್ತು.

ಎರಡನೆಯದು ಚಂದಾ ಸೇವೆ. ವರ್ಷಕ್ಕೆ ನಮಗೆ ತಗಲಿದ್ದು ಸುಮಾರು 2,000 ರೂಪಾಯಿ. ಯಾವ ಹೊತ್ತಿಗೆ ಯಾವ ಆಟದ ಮುಂದೆ ಎಷ್ಟು ಹೊತ್ತು ಕಾಯಬೇಕಾಗಿತ್ತು ಎಂಬ ಹಲವು ವರ್ಷಗಳ ದಾಖಲೆಯನ್ನು ಇಟ್ಟುಕೊಂಡು, ಪ್ರತಿ ದಿನದ ಜನಸಂದಣಿಯನ್ನು 1ರಿಂದ 10ರವರೆಗಿನ ಅಳತೆಯಲ್ಲಿ ಮೊದಲೇ ಅಂದಾಜು ಮಾಡುವುದು ಅದರ ಮುಖ್ಯ ಕೆಲಸ. ಉಡುಪಿಯವರಾದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಪರ್ಯಾಯದ ದಿನ ಮಠಕ್ಕೆ ಹೋಗುವುದಕ್ಕೂ ಮಳೆಗಾಲದ ಒಂದು ಮಂಗಳವಾರ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಮೊದಲು ಯೋಚಿಸಿದ್ದು ಈಸ್ಟರ್ ಆಸುಪಾಸಿನ ವಾರ. ಆ ವಾರದ ಅಂಕಿಗಳನ್ನು ನೋಡಿ ಪ್ರವಾಸವನ್ನು ಮೇ ಮೊದಲ ವಾರಕ್ಕೆ ಮುಂದೂಡಿದೆವು. ಚಂದಾ ಹಣ ಅದೊಂದರಲ್ಲೇ ತೀರಿತೆಂದು ನನ್ನ ಅಭಿಪ್ರಾಯ.

ಬೇಕಾದ ಆಟಗಳನ್ನು ಗುರುತಿಸಿಕೊಟ್ಟರೆ, ಕಡಿಮೆ ಕಾಯುವಂತೆ ಅವುಗಳ ಕ್ರಮವನ್ನು ಅದು ನಿಮಿಷದ ಲೆಕ್ಕದಲ್ಲಿ ಜೋಡಿಸಿಕೊಡುತ್ತದೆ, ಎತ್ತರದ ಮಿತಿಯನ್ನೂ ತೋರಿಸುತ್ತದೆ. ಎರಡನೆಯ ದಿನ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ ಅದನ್ನೇ ನಂಬಿದೆವು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತದ್ದರಿಂದ ಹನ್ನೊಂದು ಗಂಟೆಯೊಳಗೆ ಐದು ಆಟ ಮುಗಿದಿದ್ದವು. 97 ಸೆಂಟಿಮೀಟರ್ ಸಾಕಾಗುವ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ನಲ್ಲಿ ಮಗ ಎದುರಿನ ಸಾಲಿನಲ್ಲೇ ಕುಳಿತ. ಮಧ್ಯಾಹ್ನ ಮೂರಕ್ಕೆ ನಮ್ಮ ಜೂನ್ ತಿಂಗಳಿನಂಥ ಗುಡುಗು ಮಳೆ ಬಂತು. ಸಿಡಿಲಿದ್ದರೆ ಅಲ್ಲಿ ಬಯಲಿನ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಮತ್ತೆ ಲೆಕ್ಕ ಹಾಕುವ ಗುಂಡಿ ಒತ್ತಿದಾಗ, ಸೂರಿನ ಕೆಳಗಿರುವ ಆಟಗಳ ಹೊಸ ಪಟ್ಟಿ ಅರೆಗಳಿಗೆಯಲ್ಲಿ ಬಂತು. ಹಾಗೆ ಹೋಗಿ ಸೇರಿದ್ದು ಕ್ಯಾರೊಸೆಲ್ ಆಫ್ ಪ್ರೋಗ್ರೆಸ್‌ಗೆ: 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ, ಪ್ರೇಕ್ಷಕರು ಕುಳಿತಿದ್ದಂತೆಯೇ ಆಸನಗಳ ಸಾಲು ವೇದಿಕೆಯ ಸುತ್ತ ತಿರುಗುವ ರಂಗಮಂದಿರ. ಇಪ್ಪತ್ತು ನಿಮಿಷ ಕಾಲು ಚಾಚಿ ಕುಳಿತ ಅತ್ತೆಗೆ ಆ ದಿನದಲ್ಲಿ ಹಿತವೆನಿಸಿದ್ದು ಅದೊಂದೇ.

ಹಾಗೆಂದದ್ದಕ್ಕೆ ಕಾರಣವಿದೆ. ಆ ಲೆಕ್ಕಕ್ಕೆ ಕ್ಯೂ ಗೊತ್ತು, ಮೊಣಕಾಲು ಗೊತ್ತಿಲ್ಲ. ನಿಧಾನ ನಡೆಯುವವರಿದ್ದಾರೆ ಎಂದು ತುಂಬಿದ್ದರೂ, ಹತ್ತು ನಿಮಿಷ ಕಾಯುವುದು ಉಳಿಯುತ್ತದೆಂದು ಅದು ನಮ್ಮನ್ನು ಪಾರ್ಕಿನ ಈ ತುದಿಯಿಂದ ಆ ತುದಿಗೆ, ಮತ್ತೆ ಅಲ್ಲಿಂದ ಇಲ್ಲಿಗೆ ನಡೆಸಿತು. ರಾತ್ರಿ ಅತ್ತೆಯ ಪಾದಗಳು ಬಾತುಕೊಂಡಿದ್ದವು. ‘ನಾಳೆ ನೀವೇ ಹೋಗಿ, ನಾನು ರೂಮಿನಲ್ಲಿರುತ್ತೇನೆ’ ಎಂದರು. ಮರುದಿನ ಎಲ್ಲರೂ ವಿಶ್ರಾಂತಿ ಪಡೆದೆವು.

ಮೂರನೆಯವರು ಪ್ಲ್ಯಾನರ್. ಎರಡು ಪಾರ್ಕುಗಳ ಯೋಜನೆಗೆ ಅವರ ಶುಲ್ಕ 150 ಡಾಲರ್, ಆಗಿನ ವಿನಿಮಯ ದರದಲ್ಲಿ ಸುಮಾರು 12,800 ರೂಪಾಯಿ. ವೀಡಿಯೊ ಕರೆಯಲ್ಲಿ ಅವರು ಮುಕ್ಕಾಲು ಗಂಟೆ ಮಾತಾಡಿದರು, ಅದರಲ್ಲಿ ಅರ್ಧ ಗಂಟೆ ನಮ್ಮನ್ನು ಪ್ರಶ್ನೆ ಕೇಳುವುದಕ್ಕೇ ಹೋಯಿತು. ಅತ್ತೆಗೆ ಮಧ್ಯಾಹ್ನ ಮಲಗುವ ಅಭ್ಯಾಸವಿದೆಯೇ? ಗಾಲಿಕುರ್ಚಿಯಲ್ಲಿ ಕುಳಿತುಕೊಳ್ಳಲು ಅವರಿಗೆ ಸಂಕೋಚವೇ? ಮಗನಿಗೆ ಕತ್ತಲೆಯ ಭಯವಿದೆಯೇ? ಅತ್ತೆಗೆ ಊರಿನಲ್ಲಿ ಯಾವುದರಲ್ಲಿ ಆಸಕ್ತಿ? ತೋಟದಲ್ಲಿ ಎಂದೆ. ಅವರು ಕೊಟ್ಟ ಯೋಜನೆ ಒಂದೊಂದು ದಿನಕ್ಕೆ ಅರ್ಧ ಪುಟ.

ಎಪ್ಕಾಟ್‌ನಲ್ಲಿ ಆ ಅರ್ಧ ಪುಟದ ಗುಣ ಕಂಡಿತು. ಬೆಳಿಗ್ಗೆ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಪಡೆದು ನೇರವಾಗಿ ಲಿವಿಂಗ್ ವಿತ್ ದ ಲ್ಯಾಂಡ್ ಎಂಬ ದೋಣಿಯಾನಕ್ಕೆ ಹೋಗಲು ಹೇಳಿದ್ದರು. ಗಾಜಿನ ಮನೆಗಳ ಒಳಗೆ ದೋಣಿ ನಿಧಾನವಾಗಿ ಸಾಗುತ್ತದೆ, ಎರಡೂ ಬದಿಗೆ ಮಣ್ಣಿಲ್ಲದೆ ನೀರಿನಲ್ಲಿ ಬೇರು ಬಿಟ್ಟ ತರಕಾರಿ ಗಿಡಗಳು. ಬಾಳೆಗಿಡ ಕಂಡಾಗ ಅತ್ತೆ ದೋಣಿಯ ಅಂಚು ಹಿಡಿದು ಮುಂದಕ್ಕೆ ಬಾಗಿದರು, ಎಲೆಯ ಹಿಂಬದಿಯಲ್ಲಿ ರೋಗವಿದೆಯೇ ಎಂದು ನೋಡುವ ಅವರ ರೂಢಿ ಅದು. ಇಳಿದ ಮೇಲೆ ಇನ್ನೊಮ್ಮೆ ಹೋಗಬಹುದೇ ಎಂದು ಕೇಳಿದರು. ಎರಡನೆಯ ಸಲವೂ ಹೋದೆವು. ಅದೇ ಪಾರ್ಕಿನ ಭಾಗವಾದ ವರ್ಲ್ಡ್ ಷೋಕೇಸ್‌ನಲ್ಲಿ ಕೆರೆಯ ಸುತ್ತ 11 ದೇಶಗಳ ಮಂಟಪಗಳಿವೆ, ಸುತ್ತಿ ಬರಲು ಸುಮಾರು ಎರಡು ಕಿಲೋಮೀಟರ್. ಕೆರೆ ದಾಟಲು ಉಚಿತ ದೋಣಿಯಿದೆ, ಅರ್ಧ ಸುತ್ತಿ ಅದರಲ್ಲಿ ಮರಳಿ ಬನ್ನಿ ಎಂದು ಪ್ಲ್ಯಾನರ್ ಬರೆದಿದ್ದರು.

ರೈಡರ್ ಸ್ವಿಚ್ ಎಂಬ ವ್ಯವಸ್ಥೆಯನ್ನು ತಿಳಿಸಿದ್ದೂ ಅವರೇ. ಎತ್ತರ ಸಾಲದ ಮಗುವಿನ ಜೊತೆ ಒಬ್ಬರು ಹೊರಗೆ ಉಳಿದರೆ, ಉಳಿದವರು ಹೋಗಿಬಂದ ಮೇಲೆ ಅವರು ಮತ್ತೆ ಮೊದಲಿನಿಂದ ಕ್ಯೂ ನಿಲ್ಲದೆ ಹೋಗಬಹುದು, ಅದಕ್ಕೆ ಹಣವಿಲ್ಲ. ಮೊದಲ ದಿನ ಎವರೆಸ್ಟ್ ಬಾಗಿಲಲ್ಲಿ ನಮ್ಮನ್ನು ಕಾಪಾಡಿದ್ದು ಆ ಕರೆಯಲ್ಲಿ ಕೇಳಿದ್ದ ಇದೇ ಮಾತು. ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಒಯ್ಯಬಹುದು, ಗಾಜಿನ ಪಾತ್ರೆ ಮಾತ್ರ ಬೇಡ ಎಂದೂ ಅವರು ತಿಳಿಸಿದರು. ಮೈದುನನ ಮನೆಯಲ್ಲಿ ಮಾಡಿದ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಅತ್ತೆಯ ಎರಡು ದಿನದ ಹೊಟ್ಟೆಯನ್ನು ನೋಡಿಕೊಂಡವು. ಅನಿಮಲ್ ಕಿಂಗ್ಡಮ್ ಲಾಡ್ಜ್‌ನಲ್ಲಿರುವ ಸನಾ ಎಂಬ ಹೋಟೆಲ್‌ನಲ್ಲಿ ನಾನ್ ಮತ್ತಿತರ ರೊಟ್ಟಿಗಳನ್ನು ಚಟ್ನಿಗಳೊಂದಿಗೆ ಕೊಡುತ್ತಾರೆಂದು ಅವರಿಂದಲೇ ತಿಳಿದು ಒಂದು ರಾತ್ರಿ ಅಲ್ಲಿ ಉಂಡೆವು. ಹಾಲಿವುಡ್ ಸ್ಟುಡಿಯೋಸ್ ದಿನವೂ ಹೀಗೆಯೇ ತೊಡಕಿಲ್ಲದೆ ಕಳೆಯಿತು.

ಅವರ ಕೊರತೆಗಳನ್ನೂ ಹೇಳಬೇಕು. ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಒಂದು ಆಟ ಕೆಟ್ಟು ನಿಂತಾಗ ಕಳುಹಿಸಿದ ಸಂದೇಶಕ್ಕೆ ಅವರ ಉತ್ತರ ಬಂದದ್ದು ಮೂರು ಗಂಟೆ ಕಳೆದ ಮೇಲೆ. ಅಷ್ಟರೊಳಗೆ ನಾವು ಚಂದಾ ಸೇವೆಯನ್ನೇ ತೆರೆದು ದಾರಿ ಕಂಡುಕೊಂಡಿದ್ದೆವು. ಮಾತಿನ ನಡುವೆ ಎರಡು ಬಾರಿ ಡಿಸ್ನಿಯ ದುಬಾರಿ ಹೋಟೆಲಿಗೆ ಬದಲಾಯಿಸಿಕೊಳ್ಳಲು ಒತ್ತಾಯಿಸಿದ್ದು ನನಗೆ ಹಿಡಿಸಲಿಲ್ಲ. ಅಮೆರಿಕದ ಅನೇಕ ಪ್ಲ್ಯಾನರ್‌ಗಳು ಹೋಟೆಲ್ ಮತ್ತು ಟಿಕೆಟ್ ಕಾದಿರಿಸಿಕೊಟ್ಟು ಕಂಪನಿಯಿಂದ ಕಮಿಷನ್ ಪಡೆಯುತ್ತಾರೆ, ಹಾಗಾಗಿ ಗ್ರಾಹಕರಿಂದ ಶುಲ್ಕವನ್ನೇ ಪಡೆಯದವರೂ ಅವರಲ್ಲಿ ಬಹಳ ಮಂದಿ ಇದ್ದಾರೆ. ಇದು ನನಗೆ ತಡವಾಗಿ ತಿಳಿಯಿತು. ಹಣ ಕಳುಹಿಸುವ ಮೊದಲು ‘ನಿಮಗೆ ಕಮಿಷನ್ ಬರುತ್ತದೆಯೇ, ಬರುವುದಾದರೆ ನನ್ನಿಂದ ಶುಲ್ಕವೇಕೆ?’ ಎಂದು ನೇರವಾಗಿ ಕೇಳಿಬಿಡುವುದು ಒಳ್ಳೆಯದು, ಅದರಲ್ಲಿ ನಾಚಿಕೆಯೇನಿಲ್ಲ.

ಇನ್ನೊಮ್ಮೆ ಹೋಗುವುದಾದರೆ ವೀಸಾ ಮತ್ತು ವಿಮಾನಕ್ಕೆ ಅದೇ ಏಜೆನ್ಸಿಗೆ ಹೋಗುತ್ತೇನೆ, ಆದರೆ ಪಾರ್ಕಿನ ಯೋಜನೆ ಬೇಡವೆಂದು ಹೇಳಿ ಶುಲ್ಕವನ್ನು ಅಷ್ಟಕ್ಕೆ ಇಳಿಸಿಕೊಳ್ಳುತ್ತೇನೆ. ಎಲ್ಲವನ್ನೂ ಒಟ್ಟು ಪ್ಯಾಕೇಜ್ ಎಂದು ಬಿಲ್ ಮಾಡಿದರೆ ಅದರ ಮೇಲೆ ಟಿಸಿಎಸ್, ಅಂದರೆ ಏಜೆನ್ಸಿಯೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಸೇರುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದು ಲೆಕ್ಕಕ್ಕೆ ಸಿಗುವುದಾದರೂ ಅಷ್ಟು ಹಣ ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ. ಚಂದಾ ಸೇವೆಯನ್ನು ದಿನಾಂಕ ನಿಶ್ಚಯಿಸುವ ಮೊದಲೇ ಕೊಳ್ಳುತ್ತೇನೆ, ವಿಮಾನದ ಟಿಕೆಟ್ ಆದ ಮೇಲೆ ಕೊಂಡರೆ ಅದರ ಅರ್ಧ ಪ್ರಯೋಜನ ಹೋದಂತೆಯೇ. ಹಿರಿಯರೂ ಪುಟ್ಟ ಮಕ್ಕಳೂ ಇಲ್ಲದೆ, ಓಡಾಡಬಲ್ಲ ದೊಡ್ಡ ಮಕ್ಕಳೊಂದಿಗೆ ಹೋಗುವವರಿಗೆ ಅದೊಂದೇ ಸಾಕು. ಅತ್ತೆ ಜೊತೆಗಿದ್ದರೆ ಮಾತ್ರ ಪ್ಲ್ಯಾನರ್‌ಗೂ ಕೊಡುತ್ತೇನೆ, ಅದೂ ಮೊದಲ ಕರೆಯಲ್ಲಿ ನಮ್ಮ ಬಗ್ಗೆ ಕೇಳದೆ ತಮ್ಮ ಪಟ್ಟಿ ಓದಲು ತೊಡಗುವವರಿಗೆ ಅಲ್ಲ.

ಅಕ್ಕನ ಮನೆಯವರು ಬರುವ ವರ್ಷ ಹೊರಡುವ ಅಂದಾಜಿನಲ್ಲಿದ್ದಾರೆ. ಅವಳ ಮಗನ ಎತ್ತರವನ್ನು ಮೊನ್ನೆ ನಾನೇ ಗೋಡೆಗೆ ನಿಲ್ಲಿಸಿ ಅಳೆದೆ: 110 ಸೆಂಟಿಮೀಟರ್. ಹೊರಡುವ ತಿಂಗಳಿನಲ್ಲಿ ಇನ್ನೊಮ್ಮೆ ಅಳೆಯಲು ಹೇಳಿದ್ದೇನೆ.