ಒಂದೇ ಪಿಕಪ್, ಎರಡೇ ನಾಬ್: ಜೂನಿಯರ್ ಮಾದರಿಯ ಗಿಟಾರ್ ಬಳಸಿ ನೋಡಿದ ಮೇಲೆ

ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಒಂದು ಪಿ-90 ಪಿಕಪ್ (ತಂತಿಯ ಮಿಡಿತವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದು ವಾಲ್ಯೂಮ್ ನಾಬ್, ಒಂದು ಟೋನ್ ನಾಬ್. ಈ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಇರುವುದು ಅಷ್ಟೇ. ಸ್ವಿಚ್ಚೇ ಇಲ್ಲ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್ 1954ರಲ್ಲಿ ತಂದ ಲೆಸ್ ಪಾಲ್ ಜೂನಿಯರ್ ಮಾದರಿಯಲ್ಲಿ ಬೇರೊಂದು ಕಂಪನಿ ಮಾಡಿದ ಗಿಟಾರ್ ಇದು. ಮೂಲದ ಜೂನಿಯರ್ ಹೊಸದಾಗಿ ಕಲಿಯುವವರಿಗೆಂದು ಕಡಿಮೆ ಬೆಲೆಗೆ ಬಂದದ್ದು. ಆದರೆ ಮೌಂಟನ್ ಅನ್ನುವ ರಾಕ್ ಬ್ಯಾಂಡಿನ ಲೆಸ್ಲಿ ವೆಸ್ಟ್ ಅದರಿಂದ ಎಂಥ ದಪ್ಪ ನಾದ ತೆಗೆದರು ಅನ್ನುವುದು ಕೇಳಿದವರಿಗೆ ಗೊತ್ತು.

ಕೆಲವು ವರ್ಷಗಳಿಂದ ನಾನು ಹೆಚ್ಚಾಗಿ ನುಡಿಸುವುದು ಇದನ್ನೇ. ಮೊದಲು ನನ್ನ ಬಳಿ ಇದ್ದದ್ದು ಮೂರು ಪಿಕಪ್, ಐದು ಸ್ಥಾನದ ಸ್ವಿಚ್ ಇರುವ ಗಿಟಾರ್. ನಾದ ಬದಲಾಗಬೇಕು ಅನ್ನಿಸಿದರೆ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಇದರಲ್ಲಿ ಆ ದಾರಿ ಇಲ್ಲ, ಎಲ್ಲವೂ ಬಲಗೈಯಿಂದಲೇ ಬರಬೇಕು. ಬ್ರಿಡ್ಜ್ ಪಕ್ಕದಲ್ಲೇ ಮೀಟಿದರೆ ಮೇಲಿನ ಹಾರ್ಮೋನಿಕ್‌ಗಳು (ಸ್ವರದ ಜೊತೆ ಬರುವ ಎತ್ತರದ ಉಪಸ್ವರಗಳು) ಜಾಸ್ತಿ ಬಂದು ನಾದ ಚೂಪಾಗುತ್ತದೆ. ಎರಡು ಮೂರು ಇಂಚು ನೆಕ್ (ಗಿಟಾರ್‌ನ ಕತ್ತು) ಕಡೆ ಸರಿದರೆ ಅದೇ ಸ್ವರ ದುಂಡಗಾಗುತ್ತದೆ. ಪಿಕ್ ಬಿಟ್ಟು ಬೆರಳಿನಿಂದ ಮೀಟಿದರೆ ಇನ್ನೂ ಮೆತ್ತಗೆ. ಇದು ಎಲ್ಲ ಗಿಟಾರ್‌ಗಳಲ್ಲೂ ಆಗುವುದೇ, ಅಲ್ವಾ? ನಿಜ. ಆದರೆ ನಾನು ಅದನ್ನು ಗಮನ ಕೊಟ್ಟು ಕೇಳಲು ಶುರು ಮಾಡಿದ್ದು ಇದರಲ್ಲಿ.

ಇನ್ನೊಂದು ಖುಷಿ ವಾಲ್ಯೂಮ್ ನಾಬ್. ನಾಬ್ 10ರಲ್ಲಿದ್ದಾಗ ನಾದ ಒರಟಾಗಿ ಒಡೆಯುವಷ್ಟು ಆಂಪ್ (ಆಂಪ್ಲಿಫೈಯರ್) ಏರಿಸಿಕೊಳ್ಳುತ್ತೇನೆ. ಆಮೇಲೆ 6ಕ್ಕೆ ಇಳಿಸಿದರೆ ಕಾರ್ಡ್‌ಗಳು ಶುದ್ಧವಾಗಿ ಕೇಳುತ್ತವೆ. ಸೋಲೋ ಬಂದಾಗ ಕಿರುಬೆರಳಿನಿಂದ ಮತ್ತೆ ಮೇಲಕ್ಕೆ. ಪೆಡಲ್ ತುಳಿಯುವ ಕೆಲಸವೇ ಇಲ್ಲ. ವಾಲ್ಯೂಮ್ ಇಳಿಸಿದಾಗ ಮೇಲಿನ ಸ್ವರಗಳ ಹೊಳಪು ಕಮ್ಮಿಯಾಗುತ್ತಿತ್ತು. ಅದಕ್ಕೆ ಟೋನ್ ಕೆಪಾಸಿಟರ್‌ನ ವೈರನ್ನು ವಾಲ್ಯೂಮ್ ಪಾಟ್‌ನ (ನಾಬ್ ಅಡಿಯಲ್ಲಿ ತಿರುಗುವ ಭಾಗ) ನಡುವಿನ ಕಾಲಿಗೆ ಬೆಸೆಸಿದೆ. 1950ರ ದಶಕದ ಗಿಬ್ಸನ್‌ಗಳಲ್ಲಿ ಇದ್ದ ಜೋಡಣೆ ಅದು. ಈಗ ಹೊಳಪು ಬಹಳ ಮಟ್ಟಿಗೆ ಉಳಿಯುತ್ತದೆ.

ನೆಕ್ ಪಕ್ಕದಲ್ಲಿ ಇನ್ನೊಂದು ಪಿಕಪ್, ಅದರ ಅಯಸ್ಕಾಂತ ಇಲ್ಲದ್ದರಿಂದ ತಂತಿ ಹೆಚ್ಚು ಹೊತ್ತು ಮಿಡಿಯುತ್ತದೆ ಅಂತ ಹಲವರು ಹೇಳುತ್ತಾರೆ. ಅಯಸ್ಕಾಂತ ತಂತಿಯನ್ನು ಎಳೆಯುವುದೇನೋ ಹೌದು. ಆದರೆ ಪಿಕಪ್ಪನ್ನು ತಂತಿಗೆ ತೀರಾ ಹತ್ತಿರ ಇಟ್ಟಾಗ ಮಾತ್ರ ಅದು ದೊಡ್ಡ ವಿಷಯ. ಸುಮ್ನೆ ಆ ಕಾರಣಕ್ಕಾಗಿಯೇ ಇಂಥ ಗಿಟಾರ್ ಕೊಳ್ಳಬೇಡಿ.

ತೊಂದರೆಗಳೂ ಇವೆ. ಪಿ-90 ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯದು, ಹಾಗಾಗಿ ಗುಂಯ್ ಅನ್ನುತ್ತದೆ. ಎರಡು ಪಿಕಪ್ ಇರುವ ಎಷ್ಟೋ ಗಿಟಾರ್‌ಗಳಲ್ಲಿ ಎರಡನ್ನೂ ಸೇರಿಸಿದಾಗ ಆ ಸದ್ದು ಅಡಗುತ್ತದೆ. ಇಲ್ಲಿ ಆ ಉಪಾಯವೂ ಇಲ್ಲ. ಡಿಮ್ಮರ್ ಹಾಕಿದ ದೀಪಗಳಿದ್ದ ಕಡೆ ಇನ್ನೂ ಜಾಸ್ತಿ. ನಿಂತ ದಿಕ್ಕು ಸ್ವಲ್ಪ ಬದಲಿಸಿದರೆ ಕಮ್ಮಿಯಾಗುತ್ತದೆ, ನಾನು ಹಾಗೇ ಹೊಂದಿಸಿಕೊಂಡಿದ್ದೇನೆ. ಒಂದೇ ತುಂಡಿನ ಬ್ರಿಡ್ಜ್ ಆದ್ದರಿಂದ ಪ್ರತಿ ತಂತಿಯ ಉದ್ದವನ್ನು ಬೇರೆ ಬೇರೆಯಾಗಿ ಸರಿಮಾಡಲು ಆಗುವುದಿಲ್ಲ. 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿ) ದಾಟಿದ ಮೇಲೆ ಮೂರನೇ ತಂತಿಯ ಶ್ರುತಿ ಒಂಚೂರು ಏರುತ್ತಿತ್ತು. ಮೇಲೆ ಮೆಟ್ಟಿಲು ಕೊರೆದಿರುವ ಬ್ರಿಡ್ಜ್ ಹಾಕಿಸಿದ ಮೇಲೆ ಸರಿಹೋಯಿತು. ಉಳಿದಂತೆ ರಿಪೇರಿ ಕಮ್ಮಿ.

ಟೋನ್ ನಾಬನ್ನು 3ಕ್ಕೆ ಇಳಿಸಿದರೆ ನಾದ ಬೆಚ್ಚಗಾಗುತ್ತದೆ, ಆದರೆ ಅದು ನೆಕ್ ಪಿಕಪ್ ಆಗುವುದಿಲ್ಲ. ಜಾಝ್ ನುಡಿಸುವವರಿಗೂ, ಎರಡು ಪಿಕಪ್‌ಗಳ ನಡುವಿನ ಆ ತೆಳುವಾದ ಫಂಕ್ ನಾದ ಬೇಕಾದವರಿಗೂ ಇದು ಒಂದೇ ಸಾಲದು. ರಾಕ್, ಬ್ಲೂಸ್, ಪಂಕ್ ನುಡಿಸುವವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಕೊಳ್ಳುವ ಮುಂಚೆ ಆಂಪ್ ಏರಿಸಿ ವಾಲ್ಯೂಮ್ ನಾಬನ್ನು ನಿಧಾನವಾಗಿ ತಿರುಗಿಸಿ ನೋಡಿ. 10ರಿಂದ 8ಕ್ಕೆ ಬರುವಷ್ಟರಲ್ಲೇ ನಾದವೆಲ್ಲ ಕುಸಿದುಬಿಟ್ಟರೆ ಪಾಟ್ ಬದಲಿಸಲು ಬೇಕಾದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.