ಒಂದು ವಾರಕ್ಕೆಂದು ಬಂದ ನಾಯಿಮರಿ: ಫಾಸ್ಟರ್‌ಗೆ (ಕಾಯಂ ಮನೆ ಸಿಗುವವರೆಗೆ ಸಾಕಲು) ಒಪ್ಪುವ ಮುಂಚೆ ಇದನ್ನು ಓದಿ

ಭಾನುವಾರ ಸಂಜೆ ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲಿ ಸುಮಾರು 50 ದಿನದ ಒಂದು ಹೆಣ್ಣುಮರಿ ಬಂತು. ತಂದುಕೊಟ್ಟವರು ಹೇಳಿದ್ದು ಇಷ್ಟೇ: “ಒಂದ್ ವಾರ ಇಟ್ಕಳ್ರಿ ಅಕ್ಕಾ, ಮನೆ ನೋಡೀವಿ, ಲಸಿಕೆ ಎಲ್ಲಾ ಆಗೇತಿ.”

ದಾವಣಗೆರೆಯ ನಿಟ್ಟುವಳ್ಳಿ ಕಡೆಯ ಮನೆ ಅದು. ಮನೆಯವರ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಆಗಲೇ ಮೂರು ತಿಂಗಳ ಇನ್ನೊಂದು ಮರಿ ಇತ್ತು, ಅದಕ್ಕೆ ಲಸಿಕೆಯ ಒಂದೇ ಡೋಸ್ ಆಗಿತ್ತು. ಎರಡೂ ಒಂದೇ ತಟ್ಟೆಯಲ್ಲಿ ಉಂಡವು, ಒಂದೇ ಗೋಣಿಚೀಲದ ಮೇಲೆ ಮಲಗಿದವು. ಮಂಗಳವಾರ ಹೊಸ ಮರಿ ಅನ್ನ ಬಿಟ್ಟಿತು. ಬುಧವಾರ ಬೆಳಿಗ್ಗೆ ಬಿಳಿ ನೊರೆಯ ವಾಂತಿ, ಮಧ್ಯಾಹ್ನದ ಹೊತ್ತಿಗೆ ರಕ್ತ ಬೆರೆತ ಭೇದಿ. ತಂದುಕೊಟ್ಟವರಿಗೆ ಫೋನ್ ಮಾಡಿದರೆ “ಜಂತುಹುಳ ಇರಬೇಕು, ಮಾತ್ರೆ ಹಾಕಿ” ಎಂಬ ಉತ್ತರ. ಶುಕ್ರವಾರ ನಸುಕಿಗೆ ಮರಿ ತೀರಿಕೊಂಡಿತು. ಶನಿವಾರ ಮನೆಯ ಮರಿ ತಟ್ಟೆ ಮುಟ್ಟಲಿಲ್ಲ. ಮುಂದಿನ ಬುಧವಾರ ಅದೂ ಹೋಯಿತು. ಆಮೇಲೆ ತಿಳಿದ ಸಂಗತಿ ಏನೆಂದರೆ, ಬಂದ ಮರಿಯ ಜೊತೆ ಹುಟ್ಟಿದ ಇನ್ನೆರಡು ಅದರ ಹಿಂದಿನ ವಾರವೇ ಭೇದಿಯಾಗಿ ಸತ್ತಿದ್ದವು. ಆ ಒಂದು ಮಾತನ್ನು ಯಾರೂ ಹೇಳಿರಲಿಲ್ಲ.

ಇದು ಪಾರ್ವೋ, ನಾಯಿಮರಿಗಳ ಕರುಳಿಗೆ ತಗಲುವ ವೈರಸ್ ಕಾಯಿಲೆ. ಆ ಮನೆಯವರು ಕರುಣೆಯಿಂದ ಬಾಗಿಲು ತೆರೆದವರು, ತಪ್ಪು ಅವರದಲ್ಲ. ಆದರೆ ಕೇಳಬೇಕಾದ ನಾಲ್ಕು ಪ್ರಶ್ನೆ ಕೇಳಿದ್ದರೆ, ಹೊಸ ಮರಿಯನ್ನು ಎರಡು ವಾರ ಬೇರೆ ಇಟ್ಟಿದ್ದರೆ, ಕಡೇಪಕ್ಷ ಮನೆಯ ಮರಿ ಉಳಿಯುವ ಸಾಧ್ಯತೆ ಇತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಲಸಿಕೆ ಕಾರ್ಡ್ ನೋಡುವುದು ಹೇಗೆ ಎಂದು ಹೇಳುತ್ತೇವೆ. ಈ ಮರಿಯ ಜೊತೆಗೂ ಒಂದು ಕಾರ್ಡ್ ಬಂದಿತ್ತು. ಎರಡು ಸಾಲು ತುಂಬಿದ್ದವು, ಎರಡೂ ಒಂದೇ ನೀಲಿ ಪೆನ್ನಿನಲ್ಲಿ, ತಾರೀಕುಗಳ ನಡುವೆ ನಾಲ್ಕೇ ದಿನದ ಅಂತರ. ಸ್ಟಿಕರ್ ಅಂಟಿಸುವ ಚೌಕ ಖಾಲಿ. ಸರಿಯಾಗಿ ಲಸಿಕೆ ಆಗಿದ್ದರೆ ಆ ಚೌಕದಲ್ಲಿ ಲಸಿಕೆಯ ಪುಟ್ಟ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ ಇರುತ್ತದೆ. ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಅಚ್ಚಾಗಿರುತ್ತವೆ. ಪಕ್ಕದಲ್ಲಿ ವೈದ್ಯರ ಸಹಿ ಮತ್ತು ಮೊಹರು. ಚೀಟಿ ಇಲ್ಲದ ಕಾರ್ಡನ್ನು ಲಸಿಕೆ ಆಗಿಲ್ಲ ಎಂದೇ ಲೆಕ್ಕ ಹಾಕಿ. ಜಂತುಹುಳದ ಔಷಧಿ ಕುಡಿಸಿ ಅದನ್ನೇ “ಲಸಿಕೆ ಆಗೇತಿ” ಎನ್ನುವವರೂ ಇದ್ದಾರೆ, ಎರಡೂ ಬೇರೆ ಬೇರೆ.

ಕಾರ್ಡ್ ನಿಜವೇ ಆಗಿದ್ದರೂ ಒಂದು ಡೋಸ್ ಸಾಲದು. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ಮೈಯಲ್ಲಿ ಕೆಲವು ವಾರ ಉಳಿದಿರುತ್ತದೆ, ಅದೇ ಶಕ್ತಿ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅದು ಯಾವ ವಾರ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಹಾಗಾಗಿ 6ರಿಂದ 8ನೇ ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ, 16ನೇ ವಾರ ದಾಟುವವರೆಗೆ ಕೊಡುತ್ತಾರೆ. ಈ ಸರಣಿ ಮುಗಿಯದ ಮರಿ ನಿಮ್ಮ ಮನೆಯಲ್ಲಿದ್ದರೆ ಬೀದಿಯಿಂದ ಬಂದ ಮರಿಯನ್ನು ಫಾಸ್ಟರ್‌ಗೆ ತೆಗೆದುಕೊಳ್ಳಬೇಡಿ. ಎಷ್ಟೇ ಒತ್ತಾಯ ಬಂದರೂ, ಎಷ್ಟೇ ಮುದ್ದಾದ ಫೋಟೊ ಬಂದರೂ ಬೇಡ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ತರುವವರನ್ನು ಕೇಳಬೇಕಾದದ್ದು: ಮರಿ ಎಲ್ಲಿ ಸಿಕ್ಕಿತು, ತಾಯಿ ಬದುಕಿದೆಯೇ, ಜೊತೆಯ ಮರಿಗಳು ಎಷ್ಟು, ಅವು ಈಗ ಎಲ್ಲಿ, ಅವುಗಳಲ್ಲಿ ಯಾವುದಾದರೂ ಸತ್ತಿದೆಯೇ, ನಿಮ್ಮಲ್ಲಿಗೆ ಬರುವ ಮುಂಚೆ ಇದು ಯಾರ ಮನೆಯಲ್ಲಿ ಎಷ್ಟು ದಿನ ಇತ್ತು. ಉತ್ತರಗಳನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಬಂದ ಮೇಲೆ 14 ದಿನ ಬೇರೆ ಕೋಣೆ. ಪಾರ್ವೋ ಸೋಂಕು ತಗುಲಿದ 3ರಿಂದ 7 ದಿನಕ್ಕೆ ಸಾಮಾನ್ಯವಾಗಿ ಲಕ್ಷಣ ಕಾಣುತ್ತದೆ, ಕೆಲವೊಮ್ಮೆ ಎರಡು ವಾರದವರೆಗೂ ತಡವಾಗುತ್ತದೆ. ಲಕ್ಷಣ ಕಾಣುವ ಮುಂಚೆಯೇ ಮಲದಲ್ಲಿ ವೈರಸ್ ಹೊರಬೀಳುತ್ತಿರುತ್ತದೆ, ಆಟವಾಡುತ್ತಿರುವ ಮರಿಯೂ ಹರಡಬಲ್ಲದು. ನಾಯಿಗಳ ಇನ್ನೊಂದು ವೈರಸ್ ಕಾಯಿಲೆಯಾದ ಡಿಸ್ಟೆಂಪರ್ ಇನ್ನೂ ತಡವಾಗಿ ತೋರಬಹುದು. ಕಣ್ಣು ಮೂಗಿನಲ್ಲಿ ಹಳದಿ ಪಿಸುರು, ಕೆಮ್ಮು, ಆಮೇಲೆ ತಲೆ ಅಥವಾ ಕಾಲು ಅದುರುವುದು ಕಂಡರೆ 14 ದಿನ ಮುಗಿದಿದ್ದರೂ ಹೊರಗೆ ಬಿಡಬೇಡಿ.

ಕೋಣೆ ಎಂದರೆ ಟೈಲ್ಸ್ ಅಥವಾ ಸಿಮೆಂಟ್ ನೆಲ ಇರಬೇಕು, ತೊಳೆಯಲು ಬರಬೇಕು. ಉಪಯೋಗಿಸದ ಬಚ್ಚಲುಮನೆಯೂ ಆದೀತು. ಏಪ್ರಿಲ್‌ನ ನಮ್ಮ ಬಿಸಿಲಿನಲ್ಲಿ ತಗಡಿನ ಶೆಡ್, ಟೆರೇಸಿನ ಮೆಟ್ಟಿಲ ಕೆಳಗಿನ ಗೂಡು ಬೇಡ. ಆ ಕೋಣೆಗೇ ಬೇರೆ ತಟ್ಟೆ, ಬೇರೆ ಪೊರಕೆ, ಬಾಗಿಲಲ್ಲೇ ಬಿಡುವ ಬೇರೆ ಚಪ್ಪಲಿ, ಮೇಲೆ ಹಾಕಿಕೊಳ್ಳಲು ಒಂದು ಹಳೇ ಅಂಗಿ. ಮನೆಯ ನಾಯಿಯ ಊಟ, ಓಡಾಟ ಮೊದಲು ಮುಗಿಸಿ, ಹೊಸ ಮರಿಯ ಬಳಿಗೆ ಕೊನೆಗೆ ಹೋಗಿ. ಪಾರ್ವೋ ವೈರಸ್ ಗಾಳಿಯಲ್ಲಿ ಹಾರಿ ಬರುವುದಿಲ್ಲ. ನಿಮ್ಮ ಅಂಗಾಲು, ಕೈ, ಸೀರೆಯ ಅಂಚಿನಲ್ಲಿ ಬರುತ್ತದೆ.

50 ದಿನದ ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ. ಮೆತ್ತಗಿನ ಅನ್ನ, ಬೇಯಿಸಿದ ಕೋಳಿಮಾಂಸ ಅಥವಾ ಮೊಟ್ಟೆ ಸಾಕು, ಅಥವಾ ನೀರಲ್ಲಿ ನೆನೆಸಿದ ಮರಿಗಳ ಆಹಾರ. ಆಕಳ ಹಾಲು ಹೊಟ್ಟೆಗೆ ಹಿಡಿಸದೆ ಭೇದಿಯಾಗುತ್ತದೆ, ಆಗ ಪಾರ್ವೋ ಭೇದಿಯೋ ಹಾಲಿನ ಭೇದಿಯೋ ಗೊತ್ತಾಗದೆ ಒಂದು ದಿನ ಕಳೆದುಹೋಗುತ್ತದೆ. ಈರುಳ್ಳಿ ಹಾಕಿದ ಮಂಡಕ್ಕಿ, ಸಾರು, ಬಿರಿಯಾನಿಯ ಬೆಂದ ಮೂಳೆ ಯಾವುದೂ ಬೇಡ.

ಕಾಯಿಲೆ ಶುರುವಾದರೆ ಗಂಟೆಗಳ ಲೆಕ್ಕ. ಊಟ ಬಿಟ್ಟು ಮುದುಡಿ ಕೂತ ಮರಿ ಒಂದು ಸಲ ವಾಂತಿ ಮಾಡಿದರೂ ಅದೇ ದಿನ ಪಶುವೈದ್ಯರ ಬಳಿಗೆ ಹೋಗಿ, ರಕ್ತ ಕಾಣಲಿ ಎಂದು ಕಾಯಬೇಡಿ. ಹತ್ತಿಕಡ್ಡಿಯಲ್ಲಿ ತೆಗೆದ ಮಲದಿಂದ ಪಾರ್ವೋ ಕಿಟ್ ಪರೀಕ್ಷೆ ಹತ್ತು ನಿಮಿಷದಲ್ಲಿ ಆಗುತ್ತದೆ. ಆರಂಭದ ದಿನ ನೆಗೆಟಿವ್ ಬಂದು ಮರುದಿನ ಪಾಸಿಟಿವ್ ಬರುವುದುಂಟು. ಮನೆಯಲ್ಲೇ ನೋಡಬಹುದಾದದ್ದು ಎರಡು: ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಕ್ಷಣ ಕೆಳಗಿಳಿಯಬೇಕು, ಗುಡಾರದ ಹಾಗೆ ನಿಂತರೆ ಮೈಯ ನೀರು ಆರಿದೆ. ವಸಡನ್ನು ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಎಳನೀರು, ಓಆರ್‌ಎಸ್ ಒತ್ತಾಯದಿಂದ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯ ಡೋಲೊ, ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಚಿಕಿತ್ಸೆಯ ಮುಖ್ಯ ಭಾಗ ಡ್ರಿಪ್, ಜೊತೆಗೆ ವಾಂತಿ ನಿಲ್ಲುವ ಇಂಜೆಕ್ಷನ್ ಮತ್ತು ಆಂಟಿಬಯಾಟಿಕ್. ಇದು ಐದಾರು ದಿನ ನಡೆಯಬೇಕಾಗುತ್ತದೆ. ಎರಡನೇ ದಿನ ಚುರುಕಾಯಿತೆಂದು ಡ್ರಿಪ್ ನಿಲ್ಲಿಸಿಬಿಟ್ಟು ಮರಿಯನ್ನು ಕಳೆದುಕೊಂಡವರಿದ್ದಾರೆ.

ನಿಟ್ಟುವಳ್ಳಿಯ ಮನೆಯ ಕಥೆ ಎರಡು ಸಾವಿಗೆ ಮುಗಿಯಲಿಲ್ಲ. ಅವರು ಕೋಣೆಯನ್ನು ದಿನಾ ಫಿನಾಯಿಲ್ ಹಾಕಿ ಒರೆಸಿದರು. ಎರಡು ತಿಂಗಳ ಮೇಲೆ ಇನ್ನೊಂದು ಮರಿಗೆ ಅದೇ ಕೋಣೆಯಲ್ಲಿ ಜಾಗ ಕೊಟ್ಟರು. ಐದನೇ ದಿನ ಅದಕ್ಕೂ ವಾಂತಿ. ಆರು ದಿನ ಡ್ರಿಪ್ ಹಾಕಿಸಿ ಅದು ಉಳಿಯಿತು. ಫಿನಾಯಿಲ್, ಡೆಟಾಲ್ ವಾಸನೆಗೆ ನಮಗೆ ಸಮಾಧಾನ ಆಗಬಹುದು, ಪಾರ್ವೋ ವೈರಸ್‌ ವಿಷಯದಲ್ಲಿ ಅವನ್ನು ನಂಬುವಂತಿಲ್ಲ. ಅದು ಮನೆಯೊಳಗೆ ತಿಂಗಳುಗಟ್ಟಲೆ, ನೆರಳಿನ ಮಣ್ಣಿನಲ್ಲಿ ವರ್ಷದ ತನಕವೂ ಉಳಿಯಬಲ್ಲದು. ಕೊಲ್ಲುವುದು ಬ್ಲೀಚ್. ಬಾಟಲಿಯ ಮೇಲೆ 5 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ ಎಂದಿದ್ದರೆ 1 ಲೀಟರ್ ನೀರಿಗೆ 35 ಮಿಲಿ. ಮೊದಲು ಸೋಪಿನ ನೀರಿನಲ್ಲಿ ಮಲ, ಜಿಡ್ಡು ಎಲ್ಲ ಉಜ್ಜಿ ತೆಗೆಯಬೇಕು, ಕೊಳೆ ಇದ್ದರೆ ಬ್ಲೀಚ್ ಅಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ದ್ರಾವಣ ಹೊಯ್ದು ನೆಲ ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ, ನಂತರ ತೊಳೆಯಿರಿ. ದ್ರಾವಣವನ್ನು ದಿನದಿನವೂ ಹೊಸದಾಗಿ ಕಲೆಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಲೇಬೇಡಿ, ವಿಷಾನಿಲ ಏಳುತ್ತದೆ. ಕಿಟಕಿ ತೆರೆದೇ ಕೆಲಸ ಮಾಡಿ. ಗೋಣಿಚೀಲ, ಮರದ ಮಣೆ, ಹಗ್ಗ ಸುಟ್ಟುಬಿಡಿ. ಮಣ್ಣಿನ ಅಂಗಳಕ್ಕೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ. ಆ ಜಾಗಕ್ಕೆ ಒಂದು ವರ್ಷ ಲಸಿಕೆ ಮುಗಿಯದ ಮರಿ ಬರಬಾರದು. ಲಸಿಕೆ ಪೂರ್ತಿಯಾದ ದೊಡ್ಡ ನಾಯಿಗೆ ಆಸರೆ ಕೊಡಲು ಅಡ್ಡಿಯಿಲ್ಲ.

ಮನುಷ್ಯರ ವಿಷಯ. ಮರಿಯ ಹಲ್ಲು ಸೂಜಿಯಂತೆ ಇರುತ್ತದೆ, ಆಟದಲ್ಲಿ ಮಕ್ಕಳ ಕೈ ಗೀರುತ್ತದೆ. “ಮರಿ ಕಚ್ಚಿದ್ದು ತಾನೆ” ಎಂದು ಬಿಡಬೇಡಿ. ಎರಡು ತಿಂಗಳ ಮರಿಗೂ ರೇಬೀಸ್ ಇರಬಹುದು, ಅದರ ಲಸಿಕೆ ಕೊಡುವುದೇ ಮೂರು ತಿಂಗಳಿಗೆ. ರಕ್ತ ಬಂದಿರಲಿ ಬಿಡಲಿ, ಗಾಯವನ್ನು ನಲ್ಲಿ ನೀರಿನಡಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಗಳಂದು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಅದನ್ನು ನೀವೇ ಬಾಯಿಬಿಟ್ಟು ಕೇಳಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಮೇಲಿಂದ ಮೇಲೆ ಫಾಸ್ಟರ್ ಮಾಡುವವರು ಕಚ್ಚಿಸಿಕೊಳ್ಳುವ ಮುಂಚೆಯೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಇನ್ನು ದುಡ್ಡು. ಆ ಮನೆಯವರು ಡ್ರಿಪ್, ಔಷಧಿ, ಆಟೋ ಎಲ್ಲವನ್ನೂ ಕೈಯಿಂದ ಹಾಕಿದರು. ಅದೇ ವೇಳೆಗೆ ಆ ಮೊದಲ ಮರಿಯ ಫೋಟೊ ಹಾಕಿ ಕ್ಯೂಆರ್ ಕೋಡ್‌ನಲ್ಲಿ ದುಡ್ಡು ಎತ್ತುವುದು ನಡೆದಿತ್ತು. ಮರಿ ಸತ್ತ ಮೇಲೂ ನಿಲ್ಲಲಿಲ್ಲ. ಮರಿ ಮನೆಗೆ ಬರುವ ದಿನವೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಊಟದ ಖರ್ಚು ಯಾರದು, ಆಸ್ಪತ್ರೆ ಖರ್ಚು ಯಾರದು, ಎಷ್ಟು ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು, ರಾತ್ರಿ ಹೊತ್ತು ಫೋನ್ ಎತ್ತುವ ಇಬ್ಬರು ಯಾರು, ಯಾವ ತಾರೀಕಿಗೆ ವಾಪಸ್ ಒಯ್ಯುತ್ತಾರೆ, ಆ ತಾರೀಕಿಗೆ ಮನೆ ಸಿಗದಿದ್ದರೆ ಮರಿ ಎಲ್ಲಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿರುವ ಮರಿಯ ಹೆಸರಲ್ಲಿ ದುಡ್ಡು ಎತ್ತಿದರೆ ಬಿಲ್ ನಿಮಗೂ ತೋರಿಸಬೇಕು ಎಂಬುದನ್ನೂ ಸೇರಿಸಿ. ಸಹಿ ಹಾಕಲು ಹಿಂಜರಿಯುವವರಿಂದ ಮರಿ ತೆಗೆದುಕೊಳ್ಳಬೇಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿಯೇ ಒಪ್ಪಿ. ಮೂರನೇ ವಾರ ಮಾಲೀಕರು ಗಲಾಟೆ ಮಾಡಿದರೆಂದು ಮರಿಯನ್ನು ರಾತ್ರೋರಾತ್ರಿ ಬೇರೆ ಬಡಾವಣೆಯಲ್ಲಿ ಬಿಟ್ಟು ಬಂದ ಪ್ರಸಂಗಗಳಿವೆ. ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

ಕಾಯಂ ಮನೆ ಹುಡುಕುವಾಗ ಅವಸರ ಬೇಡ, ಎಷ್ಟೇ ಸುಸ್ತಾಗಿದ್ದರೂ. “ತೋಟಕ್ಕೆ ಒಂದು ನಾಯಿ ಬೇಕಿತ್ತು” ಎಂದು ಕೇಳುವವರು ನಮ್ಮ ಕಡೆ ಬಹಳ. ಚನ್ನಗಿರಿ ಕಡೆಯ ಅಡಿಕೆ ತೋಟವಿರಲಿ, ಚಿತ್ರದುರ್ಗದ ಹೊಲವಿರಲಿ, ಮನುಷ್ಯರು ರಾತ್ರಿ ಅಲ್ಲೇ ಮಲಗುತ್ತಾರೆಯೇ ಎಂದು ಮೊದಲು ಕೇಳಿ. ಇಲ್ಲವೆಂದರೆ ಕೊಡಬೇಡಿ. ಜೋಗಿಮಟ್ಟಿಯಂಥ ಕಾಡಂಚಿನಲ್ಲಿ ರಾತ್ರಿ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಎಂದರೆ ಚಿರತೆಗೆ ಇಟ್ಟ ಬುತ್ತಿ, ಅದಕ್ಕೆ ಓಡಲೂ ಆಗದು. ಕೊಡುವ ಮನೆಗೆ ನೀವೇ ಹೋಗಿ ನೋಡಿ, ಫೋಟೊ ಸಾಲದು. ಹೆಣ್ಣುಮರಿಯಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಯಾವ ತಿಂಗಳು, ಯಾರ ಖರ್ಚಿನಲ್ಲಿ ಎಂದು ಬರೆಸಿಕೊಳ್ಳಿ. ಆರು ತಿಂಗಳು ದಾಟಿದರೆ ಯಾವಾಗ ಬೇಕಾದರೂ ಬೆದೆಗೆ ಬರಬಹುದು, ಬಸಿರಾದರೆ 63 ದಿನಕ್ಕೆ ಇನ್ನಷ್ಟು ಮರಿಗಳು ಮನೆ ಹುಡುಕಬೇಕಾಗುತ್ತದೆ.

ಕೊಟ್ಟ ಮೇಲೆ ಮೊದಲ ವಾರ ದಿನಕ್ಕೊಂದು, ಆಮೇಲೆ ಮೂರು ತಿಂಗಳು ವಾರಕ್ಕೊಂದು ವಿಡಿಯೊ ಕೇಳಿ. ವಿಡಿಯೊದಲ್ಲಿ ಕುತ್ತಿಗೆ ನೋಡಿ. ಎರಡು ತಿಂಗಳ ಮರಿಗೆ ಹಾಕಿದ ಬೆಲ್ಟನ್ನು ಸಡಿಲಿಸಲು ಮರೆತರೆ, ಮರಿ ಬೆಳೆದ ಹಾಗೆ ಅದು ಕೂದಲೊಳಗೆ ಹೂತು ಚರ್ಮವನ್ನೇ ಕೊಯ್ಯುತ್ತದೆ, ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಬೆಲ್ಟಿನ ಒಳಗೆ ಎರಡು ಬೆರಳು ತೂರಿಸಿ ತೋರಿಸಿ ಎಂದು ಹೇಳಿ, ತೋರಿಸುವವರೆಗೆ ಫೋನ್ ಇಡಬೇಡಿ.