ಒಂದು ವಾರ ಬಿಸಿಲು ಬಂತು ಅಂತ ಟೊಮ್ಯಾಟೊ ಸಸಿ ಹೊರಗೆ ನೆಟ್ಟುಬಿಡಬೇಡಿ

ಎಲ್ಲರಿಗಿಂತ ಮುಂಚೆ ಟೊಮ್ಯಾಟೊ ಹಣ್ಣು ಕೀಳ್ಬೇಕು ಅನ್ನೋ ಆಸೇಲಿ ಸಸಿ ರೆಡಿ ಮಾಡ್ಕೊಂಡು ಕೂತಿರೋರು ಯಾರಾದ್ರೂ ಇದ್ರೆ ಇದನ್ನ ಓದಿ ಆಮೇಲೆ ಗುದ್ದಲಿ ಹಿಡೀರಿ. ಹೋದ ವರ್ಷ ನಾನು 18 ಸಸಿ ಒಂದೇ ದಿನ ಹೊರಗೆ ನೆಟ್ಟೆ, ಒಂದೇ ರಾತ್ರೀಲಿ 12 ಹೋಯ್ತು, ಉಳಿದಿದ್ರಲ್ಲಿ 4 ನಾನೇ ನನ್ನ ಕೈಯಾರೆ ಬೇಯಿಸಿ ಹಾಕ್ದೆ.

ತಪ್ಪು ಶುರುವಾಗಿದ್ದು ಬೀಜ ಹಾಕಿದಾಗ್ಲೇ. ಚಳಿಗಾಲದ ಕೊನೇ ಫ್ರಾಸ್ಟ್‌ಗೆ (ರಾತ್ರಿ ಚಳಿಗೆ ಎಲೆ, ನೆಲದ ಮೇಲೆ ಬೆಳ್ಳಗೆ ಹಿಮ ಕಟ್ಟೋದು) 6ರಿಂದ 8 ವಾರ ಮುಂಚೆ ಮನೆ ಒಳಗೆ ಬೀಜ ಹಾಕೋದು ಲೆಕ್ಕ, ನಾನು 10 ವಾರ ಮುಂಚೆನೇ ಹಾಕಿದ್ದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಕಿಟಕಿ ಬೆಳಕು ಸಾಲದೆ ಸಸಿಗಳು ಬೆಳಕಿನ ಕಡೆ ಕತ್ತು ಚಾಚ್ಕೊಂಡು ದಾರದ ಥರ ಉದ್ದ ಆದ್ವು, ಕಪ್‌ಗಳಲ್ಲಿ ಬೇರಿಗೆ ಜಾಗ ಇಲ್ಲ, ಕಿಟಕೀಲಿ ಇವಕ್ಕೇ ಜಾಗ ಇಲ್ಲ, ಹೀಗೆ ದಿನಾ ಅವುಗಳ ಮುಖ ನೋಡ್ತಾ ನೋಡ್ತಾ ಇರೋವಾಗ ಸರಿಯಾಗಿ ಒಂದು ವಾರ ಬಿಸಿಲು ಬಂತು ನೋಡಿ, ಮಧ್ಯಾಹ್ನ 24 ಡಿಗ್ರಿ, ಸ್ವೆಟರ್ ಬಿಚ್ಚಿಟ್ಟು ಹೊರಗೆ ಹೋದ್ರೆ ಚಳಿಗಾಲ ಮುಗೀತು ಅಂತಾನೇ ಅನ್ಸುತ್ತೆ. ಆರನೇ ದಿನ 18 ನೆಟ್ಟೆ. ಜಾಗ ಸಾಲದೆ ಸೊರಗಿದ್ದ 4 ಒಳಗೇ ಉಳ್ಕೊಂಡ್ವು, ಎಸೆಯೋಣ ಅಂತಿದ್ದೆ.

ಹೊರಗಿನ ಗಾಳಿ ಬಿಸಿಲಿಗೆ ಅಭ್ಯಾಸ ಮಾಡಿಸೋಕೆ 7ರಿಂದ 10 ದಿನ ಬೇಕು, ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ನಾನು ಎರಡು ದಿನ ಮಾಡಿ ಬಿಟ್ಟೆ. ಎಲೆಗಳ ಮೇಲೆ ಬಿಳೀ ಬಿಳೀ ಕಾಗದದಂಥ ಮಚ್ಚೆ ಬಿತ್ತು, ರೋಗ ಅನ್ಕೊಂಡೆ, ಅದು ಬಿಸಿಲು ಸುಟ್ಟಿದ್ದು. ಆಮೇಲೆ ಎಲೆ ಕೆಳಭಾಗ ನೇರಳೆ ಬಣ್ಣಕ್ಕೆ ತಿರುಗ್ತು, ಗೊಬ್ಬರ ಸಾಲ್ತಿಲ್ಲ ಅಂತ ಗೊಬ್ಬರ ಹಾಕ್ದೆ. ಮಣ್ಣಲ್ಲಿ ರಂಜಕ (ಫಾಸ್ಫರಸ್, ಇದು ಸಿಗದಿದ್ರೆ ಎಲೆ ನೇರಳೆ ಆಗುತ್ತೆ) ಬೇಕಾದಷ್ಟಿದ್ರೂ ಮಣ್ಣು ತಣ್ಣಗಿದ್ರೆ ಬೇರು ಅದನ್ನ ಎಳ್ಕೊಳ್ಳೋಕಾಗಲ್ಲ ಅನ್ನೋದು ಆಗ ತಲೆಗೇ ಹೋಗ್ಲಿಲ್ಲ. ಥರ್ಮಾಮೀಟರ್ ತಂದು ಬೆಳಿಗ್ಗೆ ಚುಚ್ಚಿ ನೋಡಿದ್ರೆ ಮಣ್ಣು 9 ಡಿಗ್ರಿ! ಕನಿಷ್ಠ 15 ಆದ್ರೂ ಇರ್ಬೇಕು. ಗಾಳಿ ಒಂದು ವಾರಕ್ಕೆ ಬೆಚ್ಚಗಾಗುತ್ತೆ, ಮಣ್ಣಿಗೆ ಅಷ್ಟು ಅವಸರ ಇಲ್ಲ.

ಇನ್ನು ಆ ರಾತ್ರಿ ವಿಷಯ. ಫೋನಲ್ಲಿ ರಾತ್ರಿ ಕನಿಷ್ಠ 3 ಡಿಗ್ರಿ ಅಂತ ತೋರಿಸ್ತಿತ್ತು, ಸೊನ್ನೆಗಿಂತ ಮೇಲಿದೆಯಲ್ಲ ಅಂತ ನೆಮ್ಮದಿಯಾಗಿ ಮಲ್ಕೊಂಡೆ. ಎಲ್ಲರೂ ಬೀಳೋ ಗುಂಡಿ ಇದು, ಸ್ವಲ್ಪ ಗಮನ ಇಟ್ಟು ಓದಿ. ಆ 3 ಡಿಗ್ರಿ ಅನ್ನೋದು ನೆಲದಿಂದ ಹೆಚ್ಚುಕಮ್ಮಿ ಆಳೆತ್ತರದ ಗಾಳಿ ಲೆಕ್ಕ. ಮೋಡ ಇಲ್ಲದೆ, ಗಾಳಿ ಅಲ್ಲಾಡದೆ ಇರೋ ರಾತ್ರೀಲಿ ನೆಲ, ಎಲೆ ಎಲ್ಲಾ ತಮ್ಮ ಬಿಸಿಯನ್ನ ಸೀದಾ ಆಕಾಶಕ್ಕೆ ಬಿಟ್ಟುಕೊಡ್ತವೆ, ತಣ್ಣನೆ ಗಾಳಿ ಭಾರ ಆಗಿರೋದ್ರಿಂದ ಕೆಳಗೇ ಕೂರುತ್ತೆ, ಅಲ್ಲಿ ಮೇಲೆ 3 ಇದ್ರೂ ಸಸಿ ಇರೋ ಜಾಗದಲ್ಲಿ ಸೊನ್ನೆಗಿಂತ ಕೆಳಗೆ ಇಳಿದಿರುತ್ತೆ. ಮೋಡ ಇದ್ದಿದ್ರೆ ಕಂಬಳಿ ಹೊದಿಸಿದ ಹಾಗೆ ಆಗ್ತಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಎಲೆ ಮೇಲೆ ಬೆಳ್ಳಗೆ ಪುಡಿ ಉದುರಿಸಿದ ಹಾಗೆ ಫ್ರಾಸ್ಟ್, ಬಿಸಿಲು ಬಿದ್ದು ಒಂದು ಗಂಟೆಗೆ ಬಿಸಿನೀರು ಹೊಯ್ದ ಸೊಪ್ಪಿನ ಥರ ಜೋತುಬಿದ್ವು, ಮಧ್ಯಾಹ್ನಕ್ಕೆ ಕಪ್ಪು.

ಹೆದರಿಕೇಲಿ ಅವತ್ತು ಸಂಜೆನೇ ಉಳಿದ 6 ಸಸಿಗೂ ಪ್ಲಾಸ್ಟಿಕ್ ಹೊದಿಸ್ದೆ. ಮೊದಲ್ನೇದು, ಪ್ಲಾಸ್ಟಿಕ್ ಎಲೆಗೆ ತಾಗಿದ್ರೆ ತಾಗಿದ ಕಡೆಯೆಲ್ಲಾ ಚಳಿ ಒಳಗೆ ಹೋಗುತ್ತೆ, ಕೋಲು ನೆಟ್ಟು ಎತ್ತಿ ಹೊದಿಸ್ಬೇಕಿತ್ತು. ಎರಡ್ನೇದು ಇದಕ್ಕಿಂತ ಕೆಟ್ಟದ್ದು, ಬೆಳಿಗ್ಗೆ ಲೇಟಾಯ್ತು ಅಂತ ಅದನ್ನ ತೆಗೀದೇ ಕೆಲಸಕ್ಕೆ ಹೋದೆ. ಒಳ್ಳೆ ಬಿಸಿಲು ಅವತ್ತು. ಸಂಜೆ ಬಂದು ಎತ್ತಿದ್ರೆ ಒಳಗಿಂದ ಹಬೆ ಮುಖಕ್ಕೆ ಹೊಡೀತು, ನಾಲ್ಕು ಸಸಿ ಅಕ್ಷರಶಃ ಬೆಂದಿದ್ವು. ಪ್ಲಾಸ್ಟಿಕ್ ಸಹವಾಸವೇ ಬೇಡ, ಹಳೇ ಬೆಡ್‌ಶೀಟ್ ಸಾಕು. ಕತ್ತಲಾದ್ಮೇಲಲ್ಲ, ಸೂರ್ಯ ಮುಳುಗೋ ಮುಂಚೆನೇ, ನೆಲದ ಬಿಸಿ ಒಳಗಿರೋವಾಗ್ಲೇ, ಅಂಚು ನೆಲ ಮುಟ್ಟೋ ಹಾಗೆ ಹೊದಿಸಿ, ಬೆಳಿಗ್ಗೆ ಮರೀದೇ ತೆಗೀರಿ. ಮಣ್ಣು ಒಣಗಿದ್ರೆ ಮಧ್ಯಾಹ್ನವೇ ನೀರು ಹಾಕಿಡಿ, ಒದ್ದೆ ಮಣ್ಣು ಹಗಲಿನ ಬಿಸಿನ ಜಾಸ್ತಿ ಹಿಡ್ಕೊಳುತ್ತೆ.

ಉಳಿದಿದ್ದು ಎರಡು. ಸುಳಿ ಸತ್ತಿತ್ತು ಆದ್ರೆ ಕಾಂಡ ಕೆಳಗೆ ಹಸಿರಿತ್ತು, ಕಿತ್ತು ಹಾಕ್ದೆ ಬಿಟ್ಟಿದ್ದಕ್ಕೆ ಹತ್ತು ದಿನದಲ್ಲಿ ಎಲೆ ಬುಡದಿಂದ ಹೊಸ ಚಿಗುರು ಬಂತು. ಹೂವೂ ಬಿಡ್ತು. ಆದ್ರೆ ರಾತ್ರಿ ಚಳಿ 12 ಡಿಗ್ರಿ ಆಸುಪಾಸಲ್ಲೇ ಇದ್ದಿದ್ರಿಂದ ಪರಾಗ ಕೆಲಸ ಮಾಡ್ದೆ ಮೊದಲ ಗೊಂಚಲು ಉದುರಿಹೋಯ್ತು, ಆಮೇಲೆ ನಿಂತ ಕಾಯಿಗಳು ಹೊಲಿಗೆ ಹಾಕಿದ ಹಾಗೆ ಗೆರೆ ಗೆರೆ, ಸೊಟ್ಟ ಮೂತಿ. ಮೊಗ್ಗಿದ್ದಾಗ ಚಳಿ ತಗುಲಿದ್ರೆ ಹೀಗಾಗುತ್ತೆ, ತಿನ್ನೋಕೆ ತೊಂದ್ರೆ ಇಲ್ಲ, ನೋಡೋಕೆ ಮಾತ್ರ ಬೇಜಾರು.

ಎಸೆಯೋಣ ಅಂತಿದ್ದ ಆ 4 ಸಸಿ ಇದ್ವಲ್ಲ, ಅವನ್ನ ಮೂರು ವಾರ ಬಿಟ್ಟು, ಮಣ್ಣು 16 ಆದ್ಮೇಲೆ, ಉದ್ದ ಕಾಂಡನ ಕೆಳಗಿನ ಎಲೆ ತೆಗೆದು ಅರ್ಧದಷ್ಟು ಹೂತು ನೆಟ್ಟೆ. ಹೂತ ಕಾಂಡದಿಂದೆಲ್ಲಾ ಬೇರು ಬಂತು. ಮೊದಲ ಕೆಂಪು ಹಣ್ಣು ಕೊಟ್ಟಿದ್ದು ಅವೇ, ಅದೂ ಆ ಎರಡಕ್ಕಿಂತ ಒಂಬತ್ತು ದಿನ ಮುಂಚೆ.

ಈ ವರ್ಷ 20 ಸಸಿ ಇವೆ. ಹೊರಗಿಟ್ಟಿರೋದು ಮೂರೇ, ಅದೂ ಕುಂಡದಲ್ಲಿ. ಇವತ್ತು ಸಂಜೆ ಮೋಡ ಇಲ್ಲ, ಗಾಳಿ ಇಲ್ಲ, ಫೋನು 5 ಡಿಗ್ರಿ ಅಂತಿದೆ. ಮೂರನ್ನೂ ಈಗಷ್ಟೇ ಒಳಗೆ ತಂದಿಟ್ಟೆ.